ಯಾವ ‘ನಾವು’

ಮತ್ತೆ ಕನ್ನಡಕ ಜಾರಿತು, ಬೆವರಿಗೆ, ಪರಾಗ್ವೆಯ ಆಸುನ್ಸಿಯೋನಿನ ನವೆಂಬರ್ ಸೆಕೆ ಯಾವ ಪ್ರೊಫೆಸರನ್ನೂ ಬಿಡುವುದಿಲ್ಲ, ಮ್ಯಾಡ್ರಿಡ್‌ನಿಂದ ಬಂದವರನ್ನಂತೂ ಮೊದಲು ಹಿಡಿಯುತ್ತದೆ, ಆದರೂ ಈ ಉರ್ಕಿಹೋ ಅವರು ಕೋಟು ಬಿಚ್ಚುವುದಿಲ್ಲ, ಒಂದು ಬೆರಳಿನಿಂದ ಕನ್ನಡಕ ಮೇಲೆ ತಳ್ಳಿ ಮುಂದುವರಿಸುತ್ತಾರೆ, ನಮ್ಮ ಭಾಷೆ, ನಮ್ಮ ಪರಂಪರೆ, ಸ್ಪ್ಯಾನಿಷ್ ಮಾತಾಡುವ ನಾವೆಲ್ಲ ಅನುವಾದದ ಬಗ್ಗೆ ಇಷ್ಟು ಶತಮಾನ ಯೋಚಿಸುತ್ತ ಬಂದದ್ದು — ಮುಂದೆ ಮೇಜಿನ ಮೇಲೆ ಆ ಯೋಚನೆಯ ಚರಿತ್ರೆ, ಇವತ್ತು ಬಿಡುಗಡೆಯಾಗುತ್ತಿರುವ ಪುಸ್ತಕ, ಇಟ್ಟಿಗೆಯಷ್ಟು ದಪ್ಪ, ಸಂಪಾದಕರು ಅವರೇ, ಮತ್ತು ವೇದಿಕೆಯ ಈ ತುದಿಯಲ್ಲಿ ನಾನು, ಜುನಿಲ್ಡಾ ಬೊಗಾಡೋ, ಇದೇ ಊರಿನಲ್ಲಿ ಅನುವಾದ ಕಲಿಸುವವಳು, ವರ್ಷಗಟ್ಟಲೆ ಕೂತು ಅದಕ್ಕೊಂದು ಅಧ್ಯಾಯ ಬರೆದುಕೊಟ್ಟವಳು, ಈಗ ಅಧ್ಯಾಯ ಇಲ್ಲ, ಒಂದು ಅಡಿಟಿಪ್ಪಣಿ ಇದೆ, ‘ಪರಾಗ್ವೆಯ ಕುರಿತು ಇನ್ನೂ ಅಧ್ಯಯನ ನಡೆಯಬೇಕಿದೆ’ — ನಡೆಯಬೇಕಿದೆಯಂತೆ, ಹಾಗಾದರೆ ನಾನು ಇಷ್ಟು ದಿನ ಮಾಡಿದ್ದೇನು, ಜೋಳ ಕುಟ್ಟಿದ್ದೇ, ನಡೆದದ್ದನ್ನು ಕಿತ್ತುಹಾಕಿ ನಡೆಯಬೇಕಿದೆ ಅಂತ ಬರೆಯುವುದಕ್ಕೆ ಎಂಥ ಕೈ ಬೇಕು, ಆ ಕೈ ಈಗ ಗಾಳಿಯಲ್ಲಿ ಸ್ಪೇನಿನ ಹಳೆಯ ಅನುವಾದಕರ ಊರು ತೊಲೇಡೋವನ್ನು ಬಿಡಿಸುತ್ತಿದೆ, ಅರಬ್ಬಿ ಬಲ್ಲ ಒಬ್ಬ ಗಟ್ಟಿಯಾಗಿ ಓದುತ್ತ ಹೋಗುತ್ತಿದ್ದ, ಇನ್ನೊಬ್ಬ ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದ, ಆಮೇಲೆ ಹೀಬ್ರೂವಿನಿಂದ ಅನುವಾದ ಮಾಡಿದ್ದಕ್ಕೆ ಸೆರೆಮನೆ ಕಂಡ ಸನ್ಯಾಸಿ, ಅಲ್ಲಿಗೆ ಬಂದಾಗ ಅವರ ದನಿ ತಗ್ಗುತ್ತದೆ, ಸಭೆ ಮುಂದಕ್ಕೆ ಬಾಗುತ್ತದೆ, ನಾನೂ ಬಾಗುತ್ತೇನೆ, ಅದೇ ಸಿಟ್ಟು ನನಗೆ, ಈ ಮನುಷ್ಯ ಪೆದ್ದನಾಗಿದ್ದರೆ ಎಷ್ಟು ಚೆನ್ನಾಗಿತ್ತು, ಪೆದ್ದನಲ್ಲ, ಒಂದು ಪದಕ್ಕಾಗಿ ಒಬ್ಬ ಜೈಲಿಗೆ ಹೋಗಬಹುದು ಅಂತ ಬಲ್ಲವರು, ಆದರೆ ಇಲ್ಲಿಯೂ ಒಂದು ಪದಕ್ಕಾಗಿ ಜನ ಜಗಳವಾಡಿದ್ದರು ಅಂತ ನಾನು ಹೇಳಿದರೆ ಮಾತ್ರ, ಫೋನಿನಲ್ಲಿ ಆ ಬೆಣ್ಣೆಯಂಥ ದನಿ, ಜುನಿಲ್ಡಾ, ಎಷ್ಟು ಚೆನ್ನಾಗಿ ಬರ್ದಿದೀರಿ, ಕಣ್ಣಲ್ಲಿ ನೀರು ಬಂತು, ಆದ್ರೆ ಇದು ಸಿದ್ಧಾಂತ ಅಲ್ಲ ನೋಡಿ, ಸಿದ್ಧಾಂತ ಅಂದ್ರೆ ಯಾರಾದ್ರೂ ಕೂತು ಯೋಚ್ನೆ ಮಾಡಿ ಬರೆದಿರ್ಬೇಕು. ಬರೆದಿರಬೇಕು. ಬರೆಯುವ ಕೈ ಯಾರ ಹತ್ತಿರ ಇತ್ತು ಅಂತ ನಾನು ಕೇಳಬೇಕಿತ್ತು, ಕೇಳಲಿಲ್ಲ, ಸರಿ ಡಾಕ್ಟರ್ ಅಂದೆ, ಫೋನಿಟ್ಟ ಮೇಲೆ ಅಡಿಗೆಮನೆಯಲ್ಲಿ ನಿಂತು ಹೇಳಬೇಕಾದದ್ದನ್ನೆಲ್ಲ ಒಲೆಗೆ ಹೇಳಿದೆ.

ಎಷ್ಟು ಸುಲಭದ ಮಾತು ಅದು, ನಾನು ಅಧ್ಯಾಯದಲ್ಲಿ ಬರೆದದ್ದು, ಮೊದಲ ವರ್ಷದ ಹುಡುಗಿಯರಿಗೂ ಗೊತ್ತು, ಸ್ಪ್ಯಾನಿಷಿನಲ್ಲಿ ನಾವು ಅನ್ನುವುದಕ್ಕೆ ಒಂದೇ ಪದ, ನಮ್ಮ ಗ್ವಾರಾನಿಯಲ್ಲಿ ಎರಡು, ಕೇಳುತ್ತಿರುವ ನೀನೂ ಸೇರಿದ ನಾವು, ಅದು ಞಂದೇ, ನೀನು ಸೇರದ ನಾವು, ಅದು ಒರೇ, ಬಾಯಿ ತೆರೆದ ಕೂಡಲೇ ಎದುರಿಗಿರುವವರನ್ನು ಒಳಗೆ ಕರೆಯುತ್ತೀಯೋ ಹೊರಗೆ ನಿಲ್ಲಿಸುತ್ತೀಯೋ ಹೇಳಲೇಬೇಕು, ತಪ್ಪಿಸಿಕೊಳ್ಳಲು ಮೂರನೆಯ ದಾರಿ ಇಲ್ಲ, ಪಾದ್ರಿಗಳು ಬಂದು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅನ್ನುವುದನ್ನು ನಮ್ಮ ಭಾಷೆಗೆ ತರಲು ಕೂತಾಗ ಮೊದಲ ಪದದಲ್ಲೇ ಸಿಕ್ಕಿಬಿದ್ದಿರಬೇಕು, ಯಾವ ನಮ್ಮ, ದೇವರಿಗೇ ಹೇಳುವ ಮಾತು, ಞಂದೇ ಅಂದರೆ ದೇವರೂ ಆ ತಂದೆಯ ಮಕ್ಕಳಲ್ಲೊಬ್ಬನಾಗಿ ನಮ್ಮ ಪಕ್ಕ ಮಂಡಿಯೂರುತ್ತಾನೆ, ಅದಕ್ಕೇ ಇವತ್ತಿಗೂ ಚರ್ಚಿನಲ್ಲಿ ಒರೇ ಅನ್ನುತ್ತೇವೆ, ಪಾದ್ರಿಗೆ ತಾನಾಗಿ ಹೊಳೆದದ್ದಲ್ಲ ಅದು, ಪಕ್ಕದಲ್ಲಿ ಯಾರೋ ಇದ್ದಿರಬೇಕು, ಒಬ್ಬ ಹೆಂಗಸೇ ಇದ್ದಿರಬಹುದು, ಹಾಗನ್ಬೇಡಿ ಸ್ವಾಮಿ, ಹಾಗಂದ್ರೆ ಅವನೂ ನಮ್ಮಲ್ಲೊಬ್ಬ ಆಗ್ಬಿಡ್ತಾನೆ — ಇದು ಸಿದ್ಧಾಂತವಲ್ಲವೇ, ಅಲ್ಲವಂತೆ — ಮೇಜಿನ ಕೆಳಗೆ ಕಾಲಿಗೆ ಏನೋ ತಾಗಿತು, ರಿಕೆಲ್ಮೆಯ ಬೂಟು, ನಮ್ಮ ವಿಭಾಗದ ಮುಖ್ಯಸ್ಥ, ಸ್ವಲ್ಪ ನಗು ಅಂತ ಅರ್ಥ, ಬೆಳಿಗ್ಗೆ ತಣ್ಣನೆಯ ತೆರೆರೆ ಚಹಾದ ಲೋಟ ನನ್ನ ಕೈಗೆ ಕೊಡುತ್ತ ಅವನು ಸಮಾಧಾನ ಹೇಳಿದ್ದು, ಅಡಿಟಿಪ್ಪಣೀಲಾದ್ರೂ ನಮ್ಮ ದೇಶದ ಹೆಸರು ಬಂತಲ್ಲ ಜೂನಿ, ಬೊಲಿವಿಯಾದೋರಿಗೆ ಅದೂ ಇಲ್ಲ — ನಕ್ಕೆ, ತಣ್ಣನೆಯ ನೀರು ಗಂಟಲಲ್ಲಿ ಇಳಿಯುತ್ತಿತ್ತು, ಆ ನಗುವಿಗೂ ಈಗ ಸಿಟ್ಟು ಬರುತ್ತಿದೆ.

ಮೂರನೆಯ ಸಾಲಿನಲ್ಲಿ ಅಕ್ಕ, ಬ್ಲಾಸಿದಾ, ಕಾಸಾಪಾದಿಂದ ಬಸ್ಸು ಹಿಡಿದು ಬಂದಿದ್ದಾಳೆ, ತೊಡೆಯ ಮೇಲೆ ಬಟ್ಟೆ ಮುಚ್ಚಿದ ಬುಟ್ಟಿ, ಚೀಪಾ ರೊಟ್ಟಿ ಸುಟ್ಟು ತಂದಿರುತ್ತಾಳೆ, ನನ್ನ ಪುಸ್ತಕ ಅಂದುಕೊಂಡು, ಸೆಕೆ ಜಾಸ್ತಿ, ಬರಬೇಡ ಅಂದೆ, ಇರೋಳು ಒಬ್ಬ ತಂಗಿ, ಬರ್ದೆ ಇರ್ತೀನೇನೇ ಅಂದಳು, ಅಧ್ಯಾಯ ತೆಗೆದರು ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು — ಮಂಡಿ, ಅವಳ ಮಂಡಿ, ತರಗತಿಯಲ್ಲಿ ಗ್ವಾರಾನಿ ಆಡಿದ್ದಕ್ಕೆ ಟೀಚರು ಅವಳನ್ನು ಕಲ್ಲುಪ್ಪಿನ ಮೇಲೆ ಮಂಡಿಯೂರಿಸಿದ್ದರು, ಅವಳು ಶಾಲೆ ಬಿಟ್ಟಳು, ಆ ಮಂಡಿ ನೋಡಿದ ನಾನು ಓಡೋಡಿ ಸ್ಪ್ಯಾನಿಷ್ ಕಲಿತೆ, ಎಷ್ಟು ಬೇಗ ಕಲಿತೆ ಅಂದರೆ ಅಪ್ಪ ಆಸ್ಪತ್ರೆ ಸೇರಿದಾಗ ಡಾಕ್ಟರಿಗೂ ಅಮ್ಮನಿಗೂ ನಡುವೆ ನಾನೇ ಬಾಯಿ, ಡಾಕ್ಟರು ಹೇಳುತ್ತಾರೆ, ನಾವು ಆದದ್ದೆಲ್ಲ ಮಾಡ್ತೀವಿ ಅಂತ ಅಮ್ಮನಿಗೆ ಹೇಳು ಪುಟ್ಟಿ, ಯಾವ ನಾವು, ನಾನು ಅಮ್ಮನ ಮುಖ ನೋಡುತ್ತೇನೆ, ಞಂದೇ ಅನ್ನುತ್ತೇನೆ, ಅಮ್ಮ ತನ್ನದೂ ಒಂದು ಪಾಲಿದೆ ಅಂದುಕೊಂಡು ಅಂಗಿಯ ತೋಳು ಮೇಲಕ್ಕೆ ಮಡಚಿ ವಾರ್ಡಿನ ನೆಲವನ್ನೆಲ್ಲ ತೊಳೆದಳು, ನರ್ಸುಗಳು ಬೈದರೂ ನಿಲ್ಲಿಸಲಿಲ್ಲ, ಅಪ್ಪ ಎದ್ದು ಮನೆಗೆ ಬಂದ, ನಾವೆಲ್ಲ ಸೇರಿ ಉಳಿಸ್ಕೊಂಡ್ವಿ ಅಂತ ಸಾಯುವ ತನಕ ಹೇಳುತ್ತಿದ್ದಳು, ಇದನ್ನು ಯಾವ ಪುಸ್ತಕದ ಯಾವ ಪುಟದಲ್ಲಿ ಇಡುತ್ತೀರಿ ಡಾಕ್ಟರ್ ಉರ್ಕಿಹೋ — ಅಯ್ಯೋ, ಸಭೆಗೆ ನೋಡಲೆಂದು ಕೊಟ್ಟ ಪುಸ್ತಕದ ಪ್ರತಿ, ಸಾಲಿನಿಂದ ಸಾಲಿಗೆ ದಾಟಿ, ಅಕ್ಕನ ಕೈಗೇ ಬಂದಿದೆ, ಬುಟ್ಟಿ ಕೆಳಗಿಟ್ಟಳು, ಪುಟ ತೆರೆದಳು, ಬೆರಳು ಪರಿವಿಡಿಯ ಮೇಲೆ ನಿಧಾನಕ್ಕೆ ಇಳಿಯುತ್ತಿದೆ, ತಳ ಮುಟ್ಟಿತು, ಮತ್ತೆ ಮೇಲಕ್ಕೆ ಹೋಯಿತು, ಮತ್ತೆ ಇಳಿಯುತ್ತಿದೆ, ಸಾಕು ಅಕ್ಕ, ಮುಚ್ಚು, ಅವಳು ಮುಚ್ಚುವುದಿಲ್ಲ, ಚಪ್ಪಾಳೆ, ಭಾಷಣ ಮುಗಿಯಿತು, ಯಾರಾದರೂ ಏನಾದರೂ ಕೇಳುವುದಿದ್ದರೆ ಅಂತ ರಿಕೆಲ್ಮೆ ಅನ್ನುತ್ತಿದ್ದಂತೆಯೇ ಅವಳು ಎದ್ದಳು.

ಗ್ವಾರಾನಿಯಲ್ಲೇ ಕೇಳಿದಳು, ಸಂತೆಯಲ್ಲಿ ಕೇಳುವ ಹಾಗೆ, ನಮ್ಮ ಭಾಗ ಇದ್ರಲ್ಲಿ ಎಲ್ಲಿದೆ, ಹುಡುಕ್ದೆ, ಸಿಗ್ಲಿಲ್ಲ. ಉರ್ಕಿಹೋ ಅವರ ಮುಖ ಅರಳಿತು, ಎಷ್ಟು ಇಂಪಾದ ಭಾಷೆ, ಜುನಿಲ್ಡಾ, ದಯವಿಟ್ಟು ಅನುವಾದ ಮಾಡಿ, ಮೈಕು ನನ್ನ ಕೈಗೆ ಬಂತು, ನಮ್ಮ ಅಧ್ಯಾಯ ಎಲ್ಲಿ ಅಂತ ಕೇಳ್ತಿದಾರೆ ಅಂದೆ, ಸ್ಪ್ಯಾನಿಷಿನ ಆ ಒಂದೇ ನಮ್ಮ, ಯಾರದೂ ಆಗಬಹುದಾದ ನಮ್ಮ, ಅವರು ಎದ್ದೇ ನಿಂತರು, ಎರಡೂ ತೋಳು ಅಗಲಿಸಿ, ಸಭೆಯನ್ನೆಲ್ಲ ತಬ್ಬಿಕೊಳ್ಳುವ ಹಾಗೆ, ಅಧ್ಯಾಯ ಯಾಕಮ್ಮಾ, ಪುಸ್ತಕ ಪೂರ್ತಿ ನಮ್ಮದೇ ಅಲ್ವಾ. ಕಪಟವಿಲ್ಲ, ನಿಜಕ್ಕೂ ಹಾಗೇ ನಂಬಿದ್ದಾರೆ, ಅದೇ ಹೊಟ್ಟೆ ಉರಿಸುವುದು, ಈಗ ಇದನ್ನು ಅಕ್ಕನಿಗೆ ಹೇಳಬೇಕು, ಯಾವ ನಮ್ಮದು, ಸಭೆ ಕಾಯುತ್ತಿದೆ, ಈ ಊರಿನಲ್ಲಿ ಜಡ್ಜಿಯಿಂದ ಬಸ್ಸಿನ ಡ್ರೈವರನವರೆಗೆ ಎಲ್ಲರೂ ಬೈಯುವುದೂ ನಗುವುದೂ ಗ್ವಾರಾನಿಯಲ್ಲೇ, ಇಲ್ಲಿ ಗೊತ್ತಿಲ್ಲದವರು ಅವರೊಬ್ಬರೇ, ರಿಕೆಲ್ಮೆ ತುಟಿ ಅಲುಗಿಸದೆ ಅಂದ, ಞಂದೇ ಅಂದ್ಬಿಡು ಜೂನಿ, ಮುಗಿದೋಗುತ್ತೆ — ಮುಗಿಯುತ್ತದೆ, ಹೌದು, ಅಮ್ಮನಿಗೆ ಅಂದ ಹಾಗೆ ಅಂದರೆ ಮುಗಿಯುತ್ತದೆ, ಆದರೆ ಅಲ್ಲಿ ತೊಳೆಯಲು ಒಂದು ನೆಲವಾದರೂ ಇತ್ತು, ಇಲ್ಲಿ ಅಕ್ಕನ ಪಾಲಿಗೆ ಏನಿದೆ, ಅವಳ ಬೆರಳು ಇನ್ನೂ ಪುಟಗಳ ನಡುವೆ, ನಾನು ಬಾಯಿ ತೆರೆದೆ, ಒರೇ ಅಂದೆ. ಪುಸ್ತಕ ನಮ್ಮದು ಅಂತಾರೆ, ನಿನ್ನನ್ನು ಬಿಟ್ಟು ನಮ್ಮದು.

ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು, ಅಕ್ಕ ತಲೆಯಾಡಿಸಿದಳು, ಸದ್ಯ, ನಿಜ ಹೇಳಿದ್ರು ಅಂದಳು, ಪುಸ್ತಕವನ್ನು ಪಕ್ಕದವರಿಗೆ ದಾಟಿಸಿ ಕೂತಳು, ಉರ್ಕಿಹೋ ನನ್ನ ಕಡೆ ತಿರುಗಿದರು, ಏನಂದ್ರಿ ಜುನಿಲ್ಡಾ, ನೀವು ಅಂದಿದ್ದನ್ನೇ ಅಂದೆ ಡಾಕ್ಟರ್, ಅವರ ಮುಗುಳ್ನಗೆ ಹಾಗೇ ಇದೆ, ತೋಳು ಹಾಗೇ ಇವೆ, ಇಳಿಸಬೇಕೋ ಬೇಡವೋ ತಿಳಿಯದೆ, ಒಳಗೆ ಯಾರೂ ಇಲ್ಲದೆ, ರಿಕೆಲ್ಮೆ ಏನೋ ಹೇಳುತ್ತಿದ್ದಾನೆ, ಕೇಳಿಸುತ್ತಿಲ್ಲ, ಎಲ್ಲರೂ ಅದನ್ನೇ ನೋಡುತ್ತಿದ್ದಾರೆ, ನಾನೂ, ಆ ತೋಳುಗಳು, ಇಳಿಸಿ ಡಾಕ್ಟರ್, ಇಳಿಸುವುದಿಲ್ಲ, ಗಾಳಿಯನ್ನು ತಬ್ಬಿಕೊಂಡು, ತೆರೆದ ಎರಡು ತೋಳು, ಇನ್ನೂ, ತೆರೆದ ಎರಡು ತೋಳು