ಹೆಚ್ಚೈತೆ ಸ್ವಾಮಿ

ದಿನಸಿಯ ವಿಷಯದಲ್ಲಿ ಅಕ್ಕಯಮ್ಮನ ಬಾಯಿಂದ 'ಇಲ್ಲ' ಎಂಬ ಮಾತು ಯಾವತ್ತೂ ಬಂದದ್ದಿಲ್ಲ. ಉಪ್ಪು ತೀರಿದರೆ 'ಉಪ್ಪು ಹೆಚ್ಚೈತೆ', ರಾಗಿ ತೀರಿದರೆ 'ರಾಗಿ ಹೆಚ್ಚೈತೆ'. ಮನೆಯೊಳಗೆ ನಿಂತು ಇಲ್ಲ ಎಂದರೆ ಲಕ್ಷ್ಮಿ ಕೇಳಿಸಿಕೊಂಡು ಹೊರಟೇಬಿಡುತ್ತಾಳೆ ಎಂದು ಅತ್ತೆ ಕಲಿಸಿದ್ದಳು. ಬೆಂಗಳೂರಿಗೆ ಹತ್ತಿರದ ಆ ಮಧುರೆ ಸೀಮೆಯ ಹೆಂಗಸರೆಲ್ಲ ಹಾಗೇ ಮಾತಾಡುತ್ತಿದ್ದರು.

ಯುದ್ಧದ ಕಾಲ. ಸರ್ಕಾರ ಊರೂರಿನಿಂದ ಲೆವಿ ಎಂದು ಕಡ್ಡಾಯವಾಗಿ ರಾಗಿ ಎತ್ತುತ್ತಿತ್ತು. ಆ ಆಷಾಢದಲ್ಲಿ ಬಂದ ಲೆವಿ ಇನ್‌ಸ್ಪೆಕ್ಟರು ಬೆಂಗಳೂರು ದಂಡಿನಲ್ಲಿ ಬೆಳೆದವನು, ಕನ್ನಡವನ್ನು ಪುಸ್ತಕದಿಂದ ಕಲಿತವನು. ಅಕ್ಕಯಮ್ಮನ ಬಾಗಿಲಲ್ಲಿ ನಿಂತು ಮನೆಯಲ್ಲಿ ರಾಗಿ ಎಷ್ಟಿದೆ ಎಂದು ಕೇಳಿದ.

"ಹೆಚ್ಚೈತೆ ಸ್ವಾಮಿ," ಎಂದಳು ಅವಳು.

ಅವನ ಮುಖ ಅರಳಿತು. ಗಾಡಿ ತರಿಸಿದ, ಚೀಲ ಬಿಚ್ಚಿಸಿದ, ಒಳಗೆ ಹೋಗಿ ರಾಗಿ ತುಂಬುವ ಮಣ್ಣಿನ ವಾಡೆಗೆ ಕೈಹಾಕಿದ. ಸಿಕ್ಕಿದ್ದು ತಳದ ಧೂಳು. ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಅಕ್ಕಯಮ್ಮನ ಮೈದುನ ಗಂಗಣ್ಣ ಓಡಿಬಂದು, ಹೆಚ್ಚೈತೆ ಅಂದರೆ ಮುಗಿದಿದೆ ಅಂತ ಅರ್ಥ ಎಂದು ಕೈಮುಗಿದು ಬಿಡಿಸಿ ಹೇಳಿದ.

ಇನ್‌ಸ್ಪೆಕ್ಟರು ಅಷ್ಟಕ್ಕೇ ಹೋಗಿದ್ದರೆ ಚೆನ್ನಾಗಿತ್ತು. ಆದರೆ ಹೊರಗೆ ಬಂದವನ ಕಣ್ಣು ಕಣದ ಮೂಲೆಯ ಕಲ್ಲುಚಪ್ಪಡಿಯ ಮೇಲೆ ಬಿತ್ತು. ಅದರ ಕೆಳಗಿದ್ದದ್ದು ಊರಿನ ಹಗೇವು. ಸುಗ್ಗಿಯಲ್ಲಿ ಪ್ರತಿ ಮನೆಯವರೂ ಪಾಲು ಸುರಿದು ಮುಚ್ಚಿದ ನೆಲದೊಳಗಿನ ಕಣಜ. ಹೊಸ ಬೆಳೆ ಬರುವ ತನಕ ಊರಿನವರೂ ಕೇರಿಯವರೂ ಬದುಕಬೇಕಾದದ್ದು ಅದರಲ್ಲೇ. ಅದರ ಉಸ್ತುವಾರಿ ಅಕ್ಕಯಮ್ಮನದು.

"ಇದರಲ್ಲಿ ರಾಗಿ ಇಲ್ಲ ಅಂತ ಬಾಯಿಬಿಟ್ಟು ಹೇಳಿ, ಹೋಗ್ತೇನೆ," ಎಂದ ಇನ್‌ಸ್ಪೆಕ್ಟರು. ಬಿಸಿಲು ಏರಿತ್ತು, ಅವನಿಗೂ ಇನ್ನಷ್ಟು ಊರುಗಳು ಬಾಕಿಯಿದ್ದವು.

"ಇಲ್ಲ ಅನ್ನಿ ಅತ್ತಿಗೆ," ಗಂಗಣ್ಣ ಪಿಸುಗುಟ್ಟಿದ.

ಅಕ್ಕಯಮ್ಮ ಹೋಗಿ ಚಪ್ಪಡಿಯ ಮೇಲೆ ಕೂತಳು. "ಐತೆ. ಊರಿನ ರಾಗಿ. ಕೊಡಾಕಿಲ್ಲ."

'ಇಲ್ಲ' ಬಾರದ ಬಾಯಲ್ಲಿ ಈ 'ಇಲ್ಲ' ಮಾತ್ರ ಸಲೀಸಾಗಿ ಬಂತು.

ಗಾಡಿಯ ಜೊತೆ ಬಂದಿದ್ದ ಕೂಲಿಯವರು ಹತ್ತಿರ ಬಂದು ನಿಂತರು. ತಾಯಿ ವಯಸ್ಸಿನವಳ ಮೈಮುಟ್ಟಿ ಎಬ್ಬಿಸಲು ಒಬ್ಬನಿಗೂ ಕೈ ಬರಲಿಲ್ಲ. ನಾಳೆ ಪೊಲೀಸರನ್ನು ಕರೆತರುತ್ತೇನೆಂದು ಹೇಳಿ ಇನ್‌ಸ್ಪೆಕ್ಟರು ಹೊರಟುಹೋದ.

"ಒಂದು ಸುಳ್ಳಿಗೆ ಮುಗ್ದೋಗ್ತಿತ್ತಲ್ಲ ಅತ್ತಿಗೆ," ಎಂದು ಗಂಗಣ್ಣ ತಲೆ ಚಚ್ಚಿಕೊಂಡ.

"ತುಂಬಿದ ಹಗೇವಿನ ಮ್ಯಾಲೆ ನಿಂತು ಇಲ್ಲ ಅಂದ್ರೆ ನಾಳೆ ಏನ್ ತಿಂತೀಯಪ್ಪಾ? ಮನೆ ಊಟಕ್ಕೆ ಬೇಕಾದಷ್ಟು ಇಟ್ಕೊಬೋದು ಅಂತ ಡಂಗುರ ಸಾರ್ಸಿದ್ದು ಅವ್ರೇ ತಾನೆ? ಹಂಗಾದ್ರೆ ಅದು ಮನೆಗಳಲ್ಲೇ ಇರ್ಲಿ. ಚಪ್ಪಡಿ ಎತ್ಸು."

ಚಪ್ಪಡಿ ಎತ್ತಿದರು. ಮುಚ್ಚಿದ್ದ ಹಗೇವಿನ ಗಾಳಿ ಕೆಟ್ಟದ್ದು, ಆತುರಪಟ್ಟು ಇಳಿದವನು ಮೇಲೆ ಬರುವುದಿಲ್ಲ. ಕೇರಿಯ ಪಾಪಯ್ಯ ಹಗ್ಗ ಕಟ್ಟಿ ಲಾಂದ್ರ ಇಳಿಬಿಟ್ಟ. ಅದು ಆರಿತು. ಹೊತ್ತು ಕಳೆದು ಮತ್ತೆ ಬಿಟ್ಟ. ಈ ಸಲ ಉರಿಯಿತು, ಅವನು ಇಳಿದ.

ಮೊದಲ ಕೊಳಗ ತುಂಬಿದಾಗ ಅಕ್ಕಯಮ್ಮ ಕಾಳು ಅಳೆಯುವವರ ರೂಢಿಯಂತೆ ಒಂದು ಎನ್ನದೆ "ಲಾಭ" ಎಂದಳು. ಅದನ್ನು ಸುರಿದದ್ದು ಪಾಪಯ್ಯನ ಹೆಂಡತಿ ದ್ಯಾವಮ್ಮನ ಮಡಿಲಿಗೆ. ಕೇರಿಯವರದ್ದು ಊರವರದ್ದಾದ ಮೇಲಲ್ಲವೇ ಎಂದು ಗಂಗಣ್ಣ ಬಾಯಿ ತೆರೆದ.

"ಜೀವ ಪಣಕ್ಕಿಟ್ಟು ಇಳಿದೋನು ಅವ್ನು. ನೀನು ಇಳೀತೀಯಾ?"

ಗಂಗಣ್ಣ ಕೊಳಗ ಹಿಡಿದ. ಹೊತ್ತು ಮುಳುಗುವಷ್ಟರಲ್ಲಿ ಉಣ್ಣುವ ಬಾಯಿಗಳ ಲೆಕ್ಕದಲ್ಲಿ ರಾಗಿ ಊರೆಲ್ಲ ಸೇರಿತ್ತು. ಕೇರಿಯಲ್ಲೂ ಊರಲ್ಲೂ ಬೀಸುವ ಕಲ್ಲುಗಳು ತಿರುಗಿದವು.

ಮಾರನೆಯ ಬೆಳಿಗ್ಗೆ ಇನ್‌ಸ್ಪೆಕ್ಟರು ಪೊಲೀಸರ ಜೊತೆ ಬಂದಾಗ ಹಗೇವಿನ ಬಾಯಿ ತೆರೆದೇ ಇತ್ತು. ಬಗ್ಗಿ ನೋಡಿದ. ತಳದಲ್ಲಿ ಹುಲ್ಲು ಬಿಟ್ಟರೆ ಬೇರೇನೂ ಕಾಣಲಿಲ್ಲ. ಮನೆಗಳನ್ನು ಹುಡುಕಿಸಿದ. ಎಲ್ಲೂ ಊಟಕ್ಕೆ ಮೀರಿದ್ದು ಸಿಗಲಿಲ್ಲ.

"ರಾಗಿ ಎಲ್ಲಮ್ಮಾ?"

ಅಕ್ಕಯಮ್ಮ ಹಗೇವಿನ ಪಕ್ಕ ನಿಂತು, ಅವನ ಮುಖವನ್ನೇ ನೋಡುತ್ತ ಹೇಳಿದಳು: "ಹೆಚ್ಚೈತೆ ಸ್ವಾಮಿ."

ಈ ಸಲ ಅವನು ಗಾಡಿ ತರಿಸಲಿಲ್ಲ.