ಗೋಡೆಯ ಮೇಲಿನ ಕಲೆ

ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುತ್ತಿದ್ದವರು ಅವಳ ಚಿಕ್ಕಪ್ಪ. ಅಂಚೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಠಸ್ಸೆ ಒತ್ತಿ ನಿವೃತ್ತರಾದವರು. ಮನೆಯಲ್ಲಿದ್ದರೆ ಚಿಕ್ಕಮ್ಮನ ತಲೆ ತಿನ್ನುತ್ತಾರೆಂದು ಇಲ್ಲಿ ಬಂದು ಕೂತಿದ್ದರು. ಅವರೆದುರಿನ ಗೋಡೆಯ ಮೇಲೆ, ಮಹಡಿ ಮನೆಯ ಬಚ್ಚಲಿನಿಂದ ಇಳಿದ ನೀರಿಗೆ, ತಟ್ಟೆಯಗಲದ ಕಂದು ಕಲೆಯೊಂದು ಮೂಡಿತ್ತು.

ಮಹಡಿಯಲ್ಲೇ ಇದ್ದ ಕಟ್ಟಡದ ಮಾಲೀಕ ದೂರಿಗೆ ಸೊಪ್ಪು ಹಾಕಲಿಲ್ಲ. “ನನ್ನ ಬಚ್ಚಲು ಒಣಗೇ ಇದೆ,” ಎಂದ. ಬಣ್ಣದ ಮೇಸ್ತ್ರಿ ಬಂದು ಗೋಡೆ ಮುಟ್ಟಿ ನೋಡಿ, “ಪೈಪು ರಿಪೇರಿ ಆಗೋವರೆಗೂ ಬಣ್ಣ ಹೊಡಿಯೋದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ,” ಎಂದು ಹೊರಟುಹೋದ.

ಬಂದವರೆಲ್ಲ ಕಲೆ ನೋಡಿ ಮೂಗು ಮುರಿಯುತ್ತಿದ್ದರು. ಒಬ್ಬಾಕೆಯಂತೂ, “ಗೋಡೆನೇ ಹೀಗಿದೆ, ಇನ್ನು ಹಲ್ಲು ಏನು ಕ್ಲೀನ್ ಮಾಡ್ತಾರೋ,” ಎಂದು ಎದ್ದೇ ಹೋದಳು. ಅಂದು ಮಧ್ಯಾಹ್ನ ಚಿಕ್ಕಪ್ಪ, ಕ್ಲಿನಿಕ್ಕಿನ ಬೋರ್ಡು ಬರೆಸಿದಾಗ ಡಬ್ಬಿಯ ತಳದಲ್ಲಿ ಉಳಿದಿದ್ದ ಕಪ್ಪು ಬಣ್ಣದಿಂದ ಕಲೆಗೆ ಒಂದು ಕೊಕ್ಕು, ಎರಡು ಕಾಲು ಬರೆದರು. ಕಲೆ ಕೋಳಿಯಾಯಿತು.

“ಏನು ಚಿಕ್ಕಪ್ಪ ಇದು?”

“ಕಲೆ ಮುಚ್ಚೋ ಕಲೆ ಕಣಮ್ಮ.”

ಆದರೆ ನೀರು ಸುಮ್ಮನಿರಬೇಕಲ್ಲ. ಮುಂದಿನ ವಾರ ಒದ್ದೆ ಬಲಕ್ಕೆ ಹರಡಿತು. ಚಿಕ್ಕಪ್ಪ ಕೊಕ್ಕನ್ನು ಗಡ್ಡವಾಗಿ ತಿದ್ದಿ ಕೋಳಿಯನ್ನು ಮೇಕೆ ಮಾಡಿದರು. ಮೇಕೆಯೂ ಸಾಲದೆ ಎಮ್ಮೆ. ಎರಡು ತಿಂಗಳಾಗುವಷ್ಟರಲ್ಲಿ ಎಮ್ಮೆಯ ಬೆನ್ನೇರಿ ಕೊಡೆ ಹಿಡಿದ ಹೆಂಗಸೊಬ್ಬಳು ಕೂತಿದ್ದಳು. ಕೆನ್ನೆ ಊದಿಸಿಕೊಂಡು ಬಂದವರು ನೋವು ಮರೆತು ವಾದಕ್ಕಿಳಿದರು.

“ಇದು ನಮ್ಮತ್ತೆನೇ, ಅನುಮಾನವೇ ಇಲ್ಲ,” ಎಂದಳು ಒಬ್ಬಳು ಟೀಚರು.

“ನಿಮ್ಮತ್ತೆ ಎಮ್ಮೆ ಮೇಲೆ ಕೂರ್ತಾರಾ?” ಎಂದು ಪಕ್ಕದವನು ಕೇಳಿದ.

“ನಾನು ಹೇಳಿದ್ದು ಎಮ್ಮೆನ ರೀ.”

ಹಲ್ಲು ಗಟ್ಟಿಯಿದ್ದವರೂ ಈ ವಾರ ಏನಾಯಿತೆಂದು ಇಣುಕಿ ಹೋಗುತ್ತಿದ್ದರು. ಚಿಕ್ಕಪ್ಪ ಬೆಳಿಗ್ಗೆ ಬಾಗಿಲು ತೆಗೆದೊಡನೆ ಹೋಗಿ ಗೋಡೆಯ ಮುಂದೆ ನಿಲ್ಲುವರು. ಒದ್ದೆ ಹರಿದ ಕಡೆಗೆಲ್ಲ ಅವರ ಕುಂಚ.

ಹೀಗಿರುವಾಗ ಮಾಲೀಕನಿಗೇ ದವಡೆ ಹಲ್ಲು ಕೈಕೊಟ್ಟಿತು. ಕೆನ್ನೆ ಹಿಡಿದು ಬಂದು ಕೂತವನು ಚಿತ್ರ ನೋಡಿ, “ಎಮ್ಮೆ ಹೊಟ್ಟೆ ಯಾಕೆ ಒದ್ದೆ?” ಎಂದ.

“ಎಲ್ಲಾ ನಿಮ್ಮ ಬಚ್ಚಲಿನ ದಯೆ,” ಎಂದರು ಚಿಕ್ಕಪ್ಪ.

ಒಳಗೆ ಡಾಕ್ಟರಮ್ಮ ಅವನ ಬಾಯಿಗೆ ಹತ್ತಿ ತುರುಕಿ, ಡ್ರಿಲ್ ಕೈಗೆತ್ತಿಕೊಂಡು ಕೇಳಿದಳು: “ಪೈಪು ಈ ವಾರವೇ ಸರಿ ಮಾಡಿಸ್ತೀರಲ್ಲಾ?”

“ಆಂ,” ಎಂದ. ಬೇರೇನನ್ನೂ ಹೇಳಲು ಬಾಯಲ್ಲಿ ಜಾಗವಿರಲಿಲ್ಲ.

“ಒಪ್ಪಿದ್ರಲ್ಲ, ಸಂತೋಷ,” ಎಂದು ಅವಳು ಕೆಲಸ ಶುರುಮಾಡಿದಳು.

ಗುರುವಾರ ಪೈಪು ಬದಲಾಯಿತು. ಕೆಲವು ದಿನಗಳಲ್ಲಿ ಗೋಡೆ ಒಣಗಿತು. ಮೇಸ್ತ್ರಿ ಬಕೆಟ್ಟು ಹಿಡಿದು ಬಂದಾಗ ಡಾಕ್ಟರಮ್ಮ ಚಿಕ್ಕಪ್ಪನ ಮುಖ ನೋಡಿದಳು.

“ಹೊಡೀಲಿ ಬಿಡಮ್ಮ. ಮುಚ್ಚೋಕೆ ತಾನೆ ಬರೆದಿದ್ದು?” ಎಂದರು, ಮೇಜಿನ ಮೇಲೆ ಏನನ್ನೋ ಹುಡುಕುತ್ತ.

ಎಮ್ಮೆಗೂ ಹೆಂಗಸಿಗೂ ಬಣ್ಣ ಹೊಡೆದು ಮೇಲಕ್ಕೆ ಬಂದ ಮೇಸ್ತ್ರಿಯ ಕೈ ಕೊಡೆಯ ಹತ್ತಿರ ನಿಂತಿತು. “ಯಜಮಾನ್ರೇ, ಕೊಡೆ ಒಂದು ಬಿಟ್ಬಿಡ್ಲಾ? ಚೆನ್ನಾಗಿದೆ.”

“ಬೇಡಪ್ಪ. ಹಿಡಿಯೋರೇ ಇಲ್ಲದ ಕೊಡೆ ಯಾಕೆ.”

ಗೋಡೆ ಬೆಳ್ಳಗಾಯಿತು. ರೋಗಿಗಳು ಮತ್ತೆ ತಂತಮ್ಮ ಹಲ್ಲಿನ ಕಡೆ ಗಮನ ಕೊಟ್ಟು ನರಳತೊಡಗಿದರು. ಚಿಕ್ಕಪ್ಪ ಏಳನೇ ನಂಬರಿನವನನ್ನು ಎರಡು ಸಲ ಒಳಗೆ ಕಳಿಸಿದರು. ಎರಡನೆಯ ಸಲ ಆತ ಹೆದರಿ ಮನೆಗೇ ಹೋದ.

ಸೋಮವಾರ ಡಾಕ್ಟರಮ್ಮ ಬಂದಾಗ ಚೊಕ್ಕ ಗೋಡೆಯ ಮೇಲೆ ಉದ್ದನೆಯ ನೀಲಿ ಗೆರೆಯೊಂದಿತ್ತು. ಸ್ಟೂಲಿನ ಮೇಲೆ ಚಿಕ್ಕಪ್ಪ, ಕದ್ದು ಸಿಕ್ಕಿಬಿದ್ದವರ ಹಾಗೆ ನಿಂತಿದ್ದರು.

“ಈಗ ಅಲ್ಲಿ ಕಲೆ ಏನೂ ಇಲ್ವಲ್ಲ ಚಿಕ್ಕಪ್ಪ. ಮತ್ಯಾಕೆ?”

ಅವರು ಕುಂಚ ಒರೆಸುತ್ತ ಯೋಚಿಸಿದರು. “ಅದೇ ನನಗೂ ತಿಳೀತಿಲ್ಲ ಕಣಮ್ಮ. ಆಗ ನೀರು ಹೇಳ್ತಿತ್ತು, ನಾನು ಬರೀತಿದ್ದೆ. ಈಗ ಹೇಳೋರಿಲ್ಲ. ಸ್ವಲ್ಪ ಭಯಾನೇ ಆಗುತ್ತೆ. ಆದ್ರೂ ಕೈ ಸುಮ್ನಿರಲ್ಲ.”

“ಏನಾಗುತ್ತೆ ಇದು?”

“ಮುಗಿಸಿದ ಮೇಲೆ ಗೊತ್ತಾಗಬೇಕು.”

ಡಾಕ್ಟರಮ್ಮ ಬ್ಯಾಗು ಕೆಳಗಿಟ್ಟು, ಗೋಡೆಗೆ ಒತ್ತಿಕೊಂಡಿದ್ದ ಉದ್ದ ಬೆಂಚಿನ ಒಂದು ತುದಿ ಎತ್ತಿದಳು. “ಇಳೀರಿ, ಆ ಕಡೆ ಹಿಡ್ಕೊಳ್ಳಿ. ಇದು ಇಲ್ಲೇ ಇದ್ರೆ ನಿಮಗೆ ಕೆಳಗಡೆ ಜಾಗ ಸಾಲಲ್ಲ.”