ತೊಟ್ಟಿಲ ಕೊಂಡಿಯ ಮೇಲಿನ ಮಾಳಿಗೆ

ನಮ್ಮವ್ವ ಚನ್ನವ್ವನ ಚೌಕಾಸಿ ಅಂದರೆ ಬಾಗೇವಾಡಿ ಸಂತೆಗೆಲ್ಲ ಗೊತ್ತು. ಆಕೆ ಬರುವುದು ಕಂಡರೆ ಬದನೆಕಾಯಿ ಮಾರುವವಳು ಮುಖ ತಿರುಗಿಸಿ ಕೂಡುತ್ತಾಳೆ. ನಾನು ಚೊಚ್ಚಲ ಹೆರಿಗೆಗೆಂದು ಗೊಳಸಂಗಿಯ ತವರಿಗೆ ಬಂದಾಗ, ಆ ಬಾಯಿಗೆ ಸಿಕ್ಕವರು ಮಾಳಿಗೆ ಕೆಲಸದವರು.

ನಡುಮನೆಯ ಮಾಳಿಗೆ, ಅಂದರೆ ಮಣ್ಣಿನ ಚಾವಣಿ, ಸೋರುತ್ತಿತ್ತು. ಅದೂ ಎಲ್ಲಿ? ತೊಲೆಗೆ ಬಡಿದ ತೊಟ್ಟಿಲ ಕೊಂಡಿಯಿಂದಲೇ! ವರ್ಷವೂ ಮಣ್ಣು ಹಾಕಿಸಿದರೂ ನಿಂತಿರಲಿಲ್ಲ. ಮುಂಗಾರಿನ ಮಿರಗದ ಮಳೆ ಹತ್ತಿರ ಬಂದಿತ್ತು, ನನಗೂ ದಿನ ತುಂಬಿದ್ದವು. ಹಸುಗೂಸನ್ನು ಎಲ್ಲಿ ಮಲಗಿಸಲಿ ಎಂಬುದೇ ನನ್ನ ಹೆದರಿಕೆ.

ದೇವಣಗಾಂವದಿಂದ ಅಪ್ಪಾಸಾಬ, ಅವನ ಹೆಂಡತಿ ಇಂದ್ರಾಬಾಯಿ ಮಾಳಿಗೆ ಕೆಲಸಕ್ಕೆ ಬಂದರು.

“ಇಬ್ಬರಿಗೂ ಎಂಟೆಂಟನೂರು ಪಗಾರ್ರಿ,” ಎಂದ ಅಪ್ಪಾಸಾಬ.

“ಯಾವ ಊರಾಗ ಹೆಣ್ಣಾಳಿಗೆ ಎಂಟನೂರು ಕೊಡತಾರೋ ತಮ್ಮಾ? ಬಾಗೇವಾಡ್ಯಾಗ ಕೇಳೇನಿ, ಮುದ್ದೇಬಿಹಾಳದಾಗ ಕೇಳೇನಿ. ಎಲ್ಲಾ ಕಡೆ ನಾಕನೂರ ಐತಿ,” ಎಂದಳು ಅವ್ವ.

ಇಂದ್ರಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಆತ್ರಿ ಅವ್ವಾರ. ನಾಕನೂರಕ್ಕ ಮಣ್ಣ ಹೊರತೇನಿ. ಸೋರೂ ಜಾಗಾ ನೀವ ಹುಡುಕ್ರಿ.”

ಅವ್ವ ಗೆದ್ದೆ ಎಂದುಕೊಂಡಳು. ಕೊಂಡಿಯ ನೇರಕ್ಕೇ ಅಗೆಸಿ, ಹೊಸ ಮಣ್ಣು ಬಡಿಸಿ, ಮಾಳಿಗೆ ತುಂಬ ನೀರು ಸುರಿಸಿದಳು. ಕೆಳಗೆ ಅದೇ ತಟಕು ತಟಕು.

“ಸೋರೂ ಜಾಗಾ ಕಂಡ ಹಿಡಿಯಾಕಿ ಆಕಿರಿ, ನಾನಲ್ಲ,” ಎಂದ ಅಪ್ಪಾಸಾಬ.

“ಎಂಟನೂರ ಕೊಡತೇನಿ, ಹುಡುಕವಾ ತಂಗಿ,” ಎಂದಳು ಅವ್ವ. ಹಾಗೆ ಹೇಳುವಾಗ ಆಕೆಗೆ ಹಲ್ಲು ಕಿತ್ತಷ್ಟು ಸಂಕಟ.

ಇಂದ್ರಾಬಾಯಿ ಚಪ್ಪಲಿ ಬಿಟ್ಟು ಮೇಲೆ ಹತ್ತಿದಳು. ಕೆಳಗೆ ಕುಳಿತ ನನಗೆ ಆಕೆ ಕಾಣುತ್ತಿರಲಿಲ್ಲ. ಜಂತಿಗಳ ಸಂದಿಯಿಂದ ಉದುರುವ ಧೂಳು ಮಾತ್ರ ಕಾಣುತ್ತಿತ್ತು. ಆ ಧೂಳು ನಿಧಾನಕ್ಕೆ ಸರಿಯಿತು, ನಿಂತಿತು, ಮತ್ತೆ ಸರಿಯಿತು. ಸೂಲಗಿತ್ತಿ ನನ್ನ ಹೊಟ್ಟೆ ಮುಟ್ಟಿ ಕೂಸಿನ ತಲೆ ಹುಡುಕಿದ್ದು ಹೀಗೆಯೇ.

ಕೊಂಡಿಯಿಂದ ಎಷ್ಟೋ ದೂರ, ಬೆಳಕಿಂಡಿಯ ಹತ್ತಿರ ಧೂಳು ನಿಂತೇಬಿಟ್ಟಿತು.

“ಇಲ್ಲಿ ಟೊಳ್ಳ ಐತಿ. ಅಂಗಾಲಿಗೆ ಗೊತ್ತಾಗಾಕತ್ತೈತಿ.”

ಅಗೆದರೆ ಮೊಳದುದ್ದದ ಇಲಿಯ ಬಿಲ! ಅಲ್ಲಿ ಇಳಿದ ನೀರು ಜಂತಿ ಹಿಡಿದುಕೊಂಡು ಕೊಂಡಿಯ ತನಕ ಬರುತ್ತಿತ್ತು. ಬಿಲ ತುಂಬಿ, ಬಡಿದು, ಕೊಡಗಟ್ಟಲೆ ನೀರು ಸುರಿದರು. ಕೊಂಡಿಯ ಕೆಳಗೆ ಅಂಗೈ ಒಡ್ಡಿ ನಿಂತೆ. ಒಂದು ಹನಿಯೂ ಬೀಳಲಿಲ್ಲ.

ಸಂಜೆ ಅವ್ವನ ನಾಲಿಗೆ ಮತ್ತೆ ತುರಿಸಿತು. “ಆರನೂರ ತಗೋ ತಂಗಿ. ಎಷ್ಟಾದರೂ ಹೆಣ್ಣಾಳ.”

ಇಂದ್ರಾಬಾಯಿ ಸಿಟ್ಟಾಗಲಿಲ್ಲ. ಕೊಂಡಿ ನೋಡಿದಳು, ನನ್ನ ಹೊಟ್ಟೆ ನೋಡಿದಳು. “ಹೆಣ್ಣ ಹುಟ್ಟಿದ್ರ ತೊಟ್ಟಿಲಕ್ಕ ಸವದ ಹಳೇ ಹಗ್ಗಾ ಕಟ್ಟತೀರೇನ್ರಿ, ಅವ್ವಾರ?”

ಯಾವ ಸಂತೆಯಲ್ಲೂ ಸೋಲದ ನಮ್ಮವ್ವ ಸೊಂಟದ ಚೀಲ ಬಿಚ್ಚಿದಳು. ಗಂಡ ಹೆಂಡತಿ ಇಬ್ಬರ ಕೈಗೂ ಸಮನಾಗಿ ಎಂಟೆಂಟುನೂರು ಇಟ್ಟಳು.

ಮಿರಗದ ಮಳೆ ಧೋ ಎಂದು ಸುರಿದ ದಿನ ನನ್ನ ಮಗಳು ಆ ಕೊಂಡಿಯ ಕೆಳಗೆ ಬೆಚ್ಚಗೆ ಮಲಗಿದ್ದಳು. ತೊಟ್ಟಿಲಿಗೆ ಹೊಸ ಹಗ್ಗ. ಅಂಗಡಿಯವನು ಹೇಳಿದ ಬೆಲೆಗೇ ಅವ್ವ ಅದನ್ನು ತಂದಿದ್ದಳು.